‘ಮುರಿದರೆ ಏರುತ್ತೆ’: ರೂಪಾಯಿ–ಡಾಲರ್ ಚಾರ್ಟಿನ ಭವಿಷ್ಯದ ಭಾಷೆ

ಧ್ವನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೇನೆ. ಕನ್ನಡ ಎಂ.ಎ. ಓದುವವಳಿಗೆ ಡಾಲರ್ ಚಾರ್ಟಿನ ಉಸಾಬರಿ ಯಾಕೆ ಅನ್ನಿಸಬಹುದು. ಕಲ್ಯಾಣದುರ್ಗದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಕಡ್ಲೆಕಾಯಿ ಮಾರಿದ ದುಡ್ಡನ್ನು ಒಂದು ಫಾರೆಕ್ಸ್ ಆ್ಯಪಿಗೆ ಹಾಕಿ ಕಳೆದುಕೊಂಡ. ಅವನು ನೋಡಿ ಕಲಿತ ಪಾಠದ ವಿಡಿಯೊಗಳನ್ನು ನಾನು ಪಠ್ಯವಾಗಿ ಓದಿದ್ದೇನೆ, ಅಷ್ಟೆ.

ಆ ಪಾಠಗಳ ವಾಕ್ಯ ಹೆಚ್ಚುಕಡಿಮೆ ಒಂದೇ ಅಚ್ಚಿನದು: ಬೆಲೆ ಈ ಗೆರೆ ಮುರಿದರೆ ಏರುತ್ತೆ, ಮುರಿಯದಿದ್ದರೆ ಇಳಿಯುತ್ತೆ. ಗೆರೆ ಅಂದರೆ ‘ರೆಸಿಸ್ಟೆನ್ಸ್’, ಹಿಂದೆ ಬೆಲೆ ಪದೇ ಪದೇ ಮುಟ್ಟಿ ವಾಪಸಾದ ಮಟ್ಟ. ವಾಕ್ಯದಲ್ಲಿ ಎರಡು ‘ಅರೆ’ಗಳಿವೆ ನೋಡಿ. ಆಗಬಹುದಾದ ಎರಡನ್ನೂ ಹೇಳಿಬಿಟ್ಟ ಮೇಲೆ ಸುಳ್ಳಾಗುವುದಕ್ಕೆ ಏನು ಉಳಿಯಿತು? ಗೆರೆ ಮುರಿದೂ ಬೆಲೆ ಕೆಳಗೆ ಬಂದರೆ ಅದಕ್ಕೂ ‘ಫಾಲ್ಸ್ ಬ್ರೇಕ್‌ಔಟ್’ ಅಂತ ಹೆಸರಿದೆ. ಆದರೆ ಆ ಹೆಸರು ಸಿಗುವುದು ದುಡ್ಡು ಹೋದ ಮೇಲೆ. ‘ಹೆಡ್ ಅಂಡ್ ಶೋಲ್ಡರ್ಸ್’ ಕೂಡ ಹಾಗೇ, ಬಲಭುಜ ಪೂರ್ತಿ ಮೂಡುವವರೆಗೆ ಅದು ಬರೀ ಗುಡ್ಡ. ಭೂತಕಾಲದ ವರ್ಣನೆಗೆ ಭವಿಷ್ಯದ ಪ್ರತ್ಯಯ ಹಚ್ಚುವುದು ಈ ಭಾಷೆಯ ಮುಖ್ಯ ಕೆಲಸ ಎಂಬುದು ನನ್ನ ವಾದ.

ಇದು ಶಕುನಶಾಸ್ತ್ರವೇ ಅಲ್ವಾ ಅಂತ ಗೆಳತಿಯೊಬ್ಬಳು ಕೇಳಿದಳು. ಪೂರ್ತಿ ಅಲ್ಲ. ಸುಮಾರು 1300ರ ರಟ್ಟಕವಿಯ ‘ರಟ್ಟಮತ’ ಮಳೆ, ಸಿಡಿಲು, ಶಕುನಗಳನ್ನು ಹೇಳುವ ಗ್ರಂಥ. ಅದನ್ನು ಎಷ್ಟು ಜನ ನಂಬಿದರೂ ಮೋಡಕ್ಕೆ ಗೊತ್ತಾಗುವುದಿಲ್ಲ. ಚಾರ್ಟನ್ನು ನಂಬಿದವರು ಮಾತ್ರ ಕೊಳ್ಳುತ್ತಾರೆ, ಮಾರುತ್ತಾರೆ, ಚಾರ್ಟೇ ಬದಲಾಗುತ್ತದೆ. ಟೇಲರ್ ಮತ್ತು ಆ್ಯಲನ್ 1992ರಲ್ಲಿ ಪ್ರಕಟಿಸಿದ ಲಂಡನ್ ಸಮೀಕ್ಷೆಯಲ್ಲಿ, ಅಲ್ಪಾವಧಿಯ ಅಂದಾಜಿಗೆ ಚಾರ್ಟನ್ನು ಒಂದಿಷ್ಟಾದರೂ ನೆಚ್ಚುವ ಡೀಲರ್‌ಗಳು ಶೇ. 90ರಷ್ಟಿದ್ದರು. ಹಾಗಾಗಿ ಎಲ್ಲವೂ ಮೂಢನಂಬಿಕೆ ಅಂತ ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಓದುಗರೇ ತಿದ್ದುವ ಪಠ್ಯ ಇದು.

ಆದರೆ ರೂಪಾಯಿಯ ಪಠ್ಯವನ್ನು ತಿದ್ದುವವರಲ್ಲಿ ಒಬ್ಬರ ಕೈ ಬಹಳ ದೊಡ್ಡದು. 2023ರಲ್ಲಿ ಡಾಲರ್ ಬೆಲೆ ವರ್ಷವಿಡೀ 81–83 ರೂಪಾಯಿಯ ಆಸುಪಾಸಿನಲ್ಲೇ ಇತ್ತು. ಚಾರ್ಟ್ ಓದುವವರು ಅದನ್ನು ‘ಮಾರುಕಟ್ಟೆಯ ಮನಸ್ಸು’ ಅನ್ನುತ್ತಾರೆ. ರಿಸರ್ವ್ ಬ್ಯಾಂಕು ಡಾಲರ್ ಕೊಂಡು ಮಾರಿ ಏರಿಳಿತ ತಗ್ಗಿಸುತ್ತದೆ ಎಂಬ ಸಂಗತಿ ಆ ಗೆರೆಯಲ್ಲಿ ಕಾಣುವುದಿಲ್ಲ.

ಹಿಂದೂಪುರದ ಗೂಡಿನ ಮಾರ್ಕೆಟ್ಟಿಗೆ ಈ ದರ ದೂರದ ವಿಷಯವಲ್ಲ. ಡಾಲರ್ ಏರಿದರೆ ಚೀನಾದ ಕಚ್ಚಾ ರೇಷ್ಮೆ ದುಬಾರಿಯಾಗಿ ನಮ್ಮ ಗೂಡಿಗೆ ಸ್ವಲ್ಪ ಬೆಲೆ ಬರಬಹುದು. ಆದರೆ ಹಣ್ಣಾದ ಹುಳ ಗೂಡು ಕಟ್ಟಿದ ಮೇಲೆ ಚಿಟ್ಟೆ ಹೊರಬರುವುದರೊಳಗೆ ಮಾರಲೇಬೇಕು, ಬ್ರೇಕ್‌ಔಟಿಗೆ ಕಾಯೋಕಾಗಲ್ಲ.

ಇನ್ನು ನಮ್ಮ ಹುಡುಗನ ಆ್ಯಪು. 2022ರ ಸೆಪ್ಟೆಂಬರಿನಿಂದ ರಿಸರ್ವ್ ಬ್ಯಾಂಕು ಅನುಮತಿಯಿಲ್ಲದ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿ ಪ್ರಕಟಿಸುತ್ತಿದೆ. ಇಂಥ ಎಷ್ಟೋ ಕಡೆ ದರ ತೋರಿಸುವವರೂ ಎದುರಿಗೆ ಪಂತ ಕಟ್ಟುವವರೂ ಒಬ್ಬರೇ. ಅಂದರೆ ಅವನು ರಾತ್ರಿಯೆಲ್ಲ ಕೂತು ಅರ್ಥ ಹುಡುಕಿದ ಪಠ್ಯದ ಕರ್ತೃ ಯಾರು ಅನ್ನುವುದನ್ನೇ ಅವನಿಗೆ ಯಾವ ಪಾಠವೂ ಹೇಳಿರಲಿಲ್ಲ. ನಿನ್ನೆಯೂ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಾನೆ: “ಅಕ್ಕಾ, ಈ ಗೆರೆ ನೋಡು.” ನಾನಿನ್ನೂ ಉತ್ತರ ಬರೆದಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.