ಸ್ವಯಂಬೋಧಕ ಪಾಠಗಳೂ ಅನುಬಂಧಚತುಷ್ಟಯವೂ

ಶಾಸ್ತ್ರಗ್ರಂಥವನ್ನು ಆರಂಭಿಸುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿರೂಪಿಸಬೇಕೆಂಬುದು ನಮ್ಮ ಪೂರ್ವಿಕರ ಸಂಪ್ರದಾಯವು. ಶಾಲೆಯನ್ನು ಬಿಟ್ಟ ತರುಣರಿಗಾಗಿ ರಚಿತವಾಗುತ್ತಿರುವ ಸ್ವಯಂಬೋಧಕ ಪಾಠಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಕೃತ ಲೇಖನದ ಉದ್ದೇಶವು.

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯು 1979ರಲ್ಲಿ ಮುಕ್ತಶಾಲೆಯೆಂಬ ಯೋಜನೆಯನ್ನು ಆರಂಭಿಸಿತು. ಅದು 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 2002ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆಂಬ ಈಗಿನ ಹೆಸರನ್ನು ತಳೆಯಿತು. 14 ವರ್ಷ ತುಂಬಿದವರೆಲ್ಲರಿಗೂ ಇದರ ಪ್ರೌಢತರಗತಿಗೆ ಪ್ರವೇಶವುಂಟು. ವಯಸ್ಸಿಗೆ ಮೇಲಿನ ಎಲ್ಲೆಯಿಲ್ಲ. 5 ವರ್ಷಗಳಲ್ಲಿ 9 ಸಲ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಒಮ್ಮೆ ಗೆದ್ದ ವಿಷಯವು ಗೆದ್ದಂತೆಯೇ ಉಳಿಯುವುದು. ಅಧಿಕಾರಿಯ ವಿಚಾರದಲ್ಲಿ ಇಷ್ಟು ಔದಾರ್ಯವನ್ನು ನಮ್ಮ ಹಳೆಯ ಪಾಠಶಾಲೆಗಳು ಎಂದೂ ತೋರಲಿಲ್ಲವೆಂಬುದನ್ನು ಒಪ್ಪಲೇಬೇಕು.

ಆದರೆ ಉಳಿದ ಅನುಬಂಧಗಳ ಗತಿಯೇನು? ಪಾಠದ ಮೊದಲಲ್ಲಿ ಉದ್ದೇಶಗಳ ಪಟ್ಟಿ, ನಡುನಡುವೆ ಪ್ರಶ್ನೆಗಳು, ಕಡೆಯಲ್ಲಿ ಉತ್ತರಗಳು, ಇದು ಇಂತಹ ಪಾಠಗಳ ಕ್ರಮವು. ಇದನ್ನೋದಿದ ಬಳಿಕ ಲಕ್ಷಣವನ್ನು ಹೇಳಬಲ್ಲೆ, ಉದಾಹರಿಸಬಲ್ಲೆ ಎಂಬುದು ಸಾಮರ್ಥ್ಯವೇ ಹೊರತು ಪ್ರಯೋಜನವಲ್ಲ. ಪತಂಜಲಿಯು ವ್ಯಾಕರಣವನ್ನು ಏತಕ್ಕೆ ಓದಬೇಕೆಂಬುದನ್ನು ಮೊದಲು ನಿರ್ಣಯಿಸಿಯೇ ಮುಂದುವರಿದನು. ಸಂಬಂಧವಾದರೋ ಇನ್ನೂ ದುರ್ಬಲವು. ಗಾರೆಕೆಲಸದ ಹುಡುಗನು 3, 4, 5 ಅಡಿಗಳ ಅಳತೆಯಿಂದ ಗೋಡೆಯ ಮೂಲೆಯನ್ನು ನೇರ್ಪಡಿಸುವುದನ್ನು ಬಲ್ಲನು. ಲಂಬಕೋನ ತ್ರಿಭುಜದ ಪ್ರಮೇಯವನ್ನು ಅಲ್ಲಿಂದ ತೊಡಗಿಸದೆ ಸೂತ್ರದಿಂದಲೇ ತೊಡಗಿಸಿದರೆ, ತನ್ನ ಕೈ ಬಲ್ಲುದನ್ನೇ ಅವನ ಕಣ್ಣು ಗುರುತಿಸಲಾರದು.

ಸಂಪರ್ಕತರಗತಿಗಳು ಉಂಟಲ್ಲವೇ ಎಂದು ಆಕ್ಷೇಪಿಸಬಹುದು. ಉಂಟು, ಆದರೆ ಅವು ಕೆಲವೇ ದಿನಗಳವು, ಒಂದು ದಿನದ ಕೂಲಿಯನ್ನು ಬಿಡಲಾರದವನಿಗೆ ಅವೂ ದೂರವೇ. ರಾತ್ರಿಯಲ್ಲಿ ಒಬ್ಬನೇ ಓದುವವನಿಗೆ ಗ್ರಂಥವೇ ಗುರುವು. ಆ ಗುರುವು ಶಿಷ್ಯನ ಸಂಶಯವನ್ನು ತಾನೇ ಊಹಿಸಿ ಎತ್ತಿಕೊಳ್ಳದಿದ್ದರೆ ಅದನ್ನು ಕೇಳುವವರೇ ಇಲ್ಲ. ದೂರಶಿಕ್ಷಣದ ಪಾಠವು ಸಂಭಾಷಣೆಯಂತಿರಬೇಕೆಂದು ಬೋರ್ಯೆ ಹೋಲ್ಮ್‌ಬರ್ಗ್ ಎಂಬ ಪಾಶ್ಚಾತ್ಯ ವಿದ್ವಾಂಸರು ಪ್ರತಿಪಾದಿಸಿರುವರು. ಮಹಾಭಾಷ್ಯದ ಶೈಲಿಯೂ ಇದೇ ಅಲ್ಲವೇ?

ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ ಎಂಬೀ ಪಂಚಾಂಗಗಳುಳ್ಳ ವ್ಯಾಖ್ಯಾನವು ಗುರುವಿಲ್ಲದೆಡೆಯಲ್ಲಿಯೂ ಗುರುವಿನ ಮಾತನ್ನು ಉಳಿಸಿಕೊಂಡು ಬಂದ ಉಪಾಯವು. ಇಂದಿನ ಸ್ವಯಂಬೋಧಕ ಪಾಠಗಳಲ್ಲಿ ಪ್ರಶ್ನೆಗಳು ಬೇಕಾದಷ್ಟಿವೆ. ಆದರೆ ಅವು ಗ್ರಂಥಕರ್ತನು ಶಿಷ್ಯನಿಗೆ ಹಾಕುವ ಪ್ರಶ್ನೆಗಳು. ಶಿಷ್ಯನು ಗ್ರಂಥಕರ್ತನಿಗೆ ಹಾಕಬಹುದಾದ ಪ್ರಶ್ನೆಗಳಿಗೆ ಎಡೆ ದೊರೆತಲ್ಲದೆ ಇವು ಬೋಧಕವೆನಿಸಲಾರವು. ಸಾಹಿತ್ಯದ ಅಧ್ಯಾಪಕರು ಪಾಠರಚನೆಯನ್ನು ಕೀಳು ಕೆಲಸವೆಂದು ಭಾವಿಸದೆ ವ್ಯಾಖ್ಯಾನಕಾರರ ಶ್ರದ್ಧೆಯಿಂದ ಕೈಗೊಳ್ಳಬೇಕಾಗಿದೆ.