ಐದು ಡಾಲರಿನ ದಿನಗೂಲಿ

ಬಂದ ಕೆಲಸಗಾರರು ನಿಲ್ಲುತ್ತಿಲ್ಲವೆಂದು ಸಂಸ್ಥೆಗಳ ಒಡೆಯರು ಹಲುಬುವಾಗ ಹೆನ್ರಿ ಫೋರ್ಡನ ಔದಾರ್ಯವನ್ನು ದೃಷ್ಟಾಂತವಾಗಿ ಹೇಳುವುದುಂಟು. ಆದರೆ ಹೇಳುವವರು ಆ ಕಥೆಯ ಪೂರ್ವಾರ್ಧದಲ್ಲಿಯೇ ನಿಂತುಬಿಡುವುದರಿಂದ ಅವನ ಐದು ಡಾಲರಿನ ದಿನಗೂಲಿ ಪದ್ಧತಿಯ ಗುಣದೋಷಗಳನ್ನು ಇಡಿಯಾಗಿ ಪರಾಮರ್ಶಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಡೆಟ್ರಾಯಿಟಿಗೆ ಹೊಂದಿಕೊಂಡ ಹೈಲ್ಯಾಂಡ್ ಪಾರ್ಕಿನಲ್ಲಿದ್ದ ಫೋರ್ಡನ ಮೋಟಾರು ಕಾರ್ಖಾನೆಯಲ್ಲಿ ಕೆಲಸವನ್ನು ಚೂರುಚೂರಾಗಿ ಹಂಚಿ, ಕುಶಲಕರ್ಮಿಯ ಕೈಚಳಕಕ್ಕೆ ಎಡೆಯೇ ಇಲ್ಲದಂತೆ ಮಾಡಿದಾಗ, ದಿನವಿಡೀ ಒಂದೇ ತಿರುಪನ್ನು ಬಿಗಿಯುವ ಬೇಸರವನ್ನು ತಾಳಲಾರದೆ ಜನರು ತಂಡೋಪತಂಡವಾಗಿ ಬಿಟ್ಟುಹೋದರು. 1913ರಲ್ಲಿ ಸುಮಾರು 14,000 ಮಂದಿಯ ಸಂಖ್ಯೆಯನ್ನು ಕಾಯ್ದುಕೊಳ್ಳಲು 50,000ಕ್ಕೂ ಮಿಕ್ಕಿ ಜನರನ್ನು ನೇಮಿಸಿಕೊಳ್ಳಬೇಕಾಯಿತು. ಕಾರಣವನ್ನು ವಿಚಾರಿಸಿದ ಜಾನ್ ಲೀ ಎಂಬ ಅಧಿಕಾರಿಯು, ಮನಸ್ಸಿಗೆ ಬಂದಂತೆ ಆಳನ್ನು ತೆಗೆದುಹಾಕುವ ಮೇಸ್ತ್ರಿಯ ಅಧಿಕಾರವನ್ನು ಮೊಟಕುಗೊಳಿಸಿ, ಸಮಾನ ಕೆಲಸಕ್ಕೆ ನಾನಾ ದರಗಳಿದ್ದ ಅವ್ಯವಸ್ಥೆಯನ್ನು ತಿದ್ದಿದನು. ಮುಂದೆ ಬಂದ ಐದು ಡಾಲರಿನ ಸದ್ದಿನಲ್ಲಿ ಲೋಕವು ಇದನ್ನು ಮರೆಯಿತು; ನನ್ನ ಮಟ್ಟಿಗೆ, ಅನ್ಯಾಯದ ಭಯವಿಲ್ಲದೆ ದುಡಿಯುವ ನೆಮ್ಮದಿಯನ್ನು ಕೊಟ್ಟ ಈ ಸುಧಾರಣೆಯೇ ಹೆಚ್ಚು ಶ್ಲಾಘ್ಯವಾದುದು.

1914ರ ಜನವರಿ 5ರಂದು, ಒಂಬತ್ತು ಗಂಟೆಯ ದುಡಿಮೆಗೆ 2.34 ಡಾಲರಿದ್ದ ಕೂಲಿಯು ಎಂಟು ಗಂಟೆಯ ದುಡಿಮೆಗೆ 5 ಡಾಲರಾಗುವುದೆಂದು ಘೋಷಣೆಯಾಯಿತು. ಕೊರೆಯುವ ಚಳಿಯಲ್ಲಿ ಸಹಸ್ರಾರು ಜನರು ಕಾರ್ಖಾನೆಯ ಬಾಗಿಲನ್ನು ಮುತ್ತಿದರು. ಅವರನ್ನು ಚದುರಿಸಲು ಕೊಳವೆಗಳಿಂದ ನೀರು ಹಾಯಿಸಿದ್ದೂ ಉಂಟು. ಆದರೆ ಆ ಐದರಲ್ಲಿ ಸರಿಸುಮಾರು ಅರ್ಧವು ಕೂಲಿಯಾಗಿರದೆ, ನಿಬಂಧನೆಗೊಳಪಟ್ಟ ಲಾಭಾಂಶವಾಗಿತ್ತು. ಅದಕ್ಕೆ ಅರ್ಹನೋ ಅಲ್ಲವೋ ಎಂಬುದನ್ನು ನಿರ್ಣಯಿಸಲು ಕಂಪನಿಯ ಪರಿಶೀಲಕರು ಕೆಲಸಗಾರನ ಮನೆಗೇ ಹೋಗಿ, ಅವನ ಉಳಿತಾಯವೆಷ್ಟು, ಕುಡಿಯುತ್ತಾನೆಯೆ, ಮನೆಯು ಶುಚಿಯಾಗಿದೆಯೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಹೆಂಗಸರಿಗಂತೂ ಮೊದಮೊದಲು ಆ ಲಾಭಾಂಶವೇ ಇರಲಿಲ್ಲ.

ಫಲವು ದೊರೆತುದು ನಿಜ: 1913ರಲ್ಲಿ ಶೇಕಡಾ 370ರಷ್ಟಿದ್ದ ಬಿಟ್ಟುಹೋಗುವವರ ಪ್ರಮಾಣವು 1915ರಲ್ಲಿ ಶೇಕಡಾ 16ಕ್ಕೆ ಇಳಿಯಿತು. ಹಸಿದ ಮನೆಗಳಿಗೆ ಆ ಹಣವು ಅನ್ನವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೂ ಎಂಟು ಗಂಟೆಯ ದುಡಿಮೆಯನ್ನು ಕೊಂಡವನಿಗೆ ಉಳಿದ ಹದಿನಾರು ಗಂಟೆಗಳ ಮೇಲೆಯೂ ಹಕ್ಕುಂಟೆಂದು ಭಾವಿಸಿ, ದುಡಿದವನಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಸನ್ನಡತೆಯ ಬಹುಮಾನವೆಂಬಂತೆ ಕೈಯೆತ್ತಿ ಕೊಟ್ಟುದು ಅನುಚಿತವೆಂದೇ ಹೇಳಬೇಕು. ಆ ಪರಿಶೀಲನಾ ವಿಭಾಗದ ಮುಖ್ಯಸ್ಥನಾಗಿ, ಕೆಲಸಗಾರರ ಹಿತವನ್ನು ಮನಸಾರೆ ಬಯಸಿದ್ದ ಪಾದ್ರಿ ಸ್ಯಾಮ್ಯುಯೆಲ್ ಮಾರ್ಕ್ವಿಸನು 1921ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದನು.