ಒಂದು ಪತ್ರ, ಮುನ್ನೂರು ಪ್ರತಿ: ಹಂಚಿಕೆಯ ಸರ್ವರಿನಲ್ಲಿ ಚರ್ಚಾಪಟ್ಟಿ

ಅಧ್ಯಾಪಕರ ಗುಂಪೊಂದು ತನ್ನದೇ ಇ-ಮೇಲ್ ಚರ್ಚಾಪಟ್ಟಿ ನಡೆಸಲು ಹೊರಟರೆ ಮೊದಲು ಕೈಗೆಟಕುವುದು ಹಂಚಿಕೆಯ ಸರ್ವರ್. ಇದೊಂದು ವಠಾರ ಎಂದುಕೊಳ್ಳಿ. ಒಂದೇ ಗಣಕದಲ್ಲಿ ನೂರಾರು ಗ್ರಾಹಕರು. ಎಲ್ಲರಿಗೂ ಸಾಮಾನ್ಯವಾಗಿ ಒಂದೇ ಅಂತರಜಾಲ ವಿಳಾಸ. ಬಾಡಿಗೆ ಕಡಿಮೆ. ‘ಮಿತಿಯಿಲ್ಲದ ಜಾಗ’ ಎಂಬ ಜಾಹೀರಾತೂ ಇರುತ್ತದೆ. ಗ್ನೂ ಮೇಲ್‌ಮನ್ ಎಂಬ ಉಚಿತ ತಂತ್ರಾಂಶ ಅನೇಕ ಕಡೆ ಜೊತೆಗೇ ಸಿಗುತ್ತದೆ. ಪಟ್ಟಿಯ ಒಂದು ವಿಳಾಸಕ್ಕೆ ನೀವು ಪತ್ರ ಬರೆದರೆ, ಅದರ ಪ್ರತಿಯನ್ನು ಅದು ಎಲ್ಲ ಸದಸ್ಯರಿಗೂ ರವಾನಿಸುತ್ತದೆ. ಭೌತಶಾಸ್ತ್ರ ಅಧ್ಯಾಪಕರ ಇಂಥದೊಂದು ಪಟ್ಟಿಯನ್ನು ಕೆಲವು ವರ್ಷ ನಡೆಸಿದವನಾಗಿ ಈ ಏರ್ಪಾಡಿನ ಗುಣದೋಷಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಜಾಹೀರಾತಿನಲ್ಲಿ ಕಾಣದ ಮಿತಿ ಒಂದಿದೆ: ಗಂಟೆಗೆ ಎಷ್ಟು ಪ್ರತಿಗಳು ಹೊರಹೋಗಬಹುದು ಎಂಬುದು. ಅದು 200 ಎಂದಿಟ್ಟುಕೊಂಡು ಲೆಕ್ಕ ಮಾಡೋಣ. ಪಟ್ಟಿಯಲ್ಲಿ 100 ಸದಸ್ಯರು, ಒಬ್ಬೊಬ್ಬರು ಹತ್ತು ದಿನಕ್ಕೊಂದು ಪತ್ರ ಬರೆಯುತ್ತಾರೆ. ದಿನಕ್ಕೆ 10 ಪತ್ರ, 1000 ಪ್ರತಿ. ಸದಸ್ಯರು 300 ಆದರೆ? ದಿನಕ್ಕೆ 30 ಪತ್ರ, 9000 ಪ್ರತಿ. ಸದಸ್ಯರು ಮೂರು ಪಟ್ಟು, ಹೊರೆ ಒಂಬತ್ತು ಪಟ್ಟು. ಬರೆಯುವವರೂ ಓದುವವರೂ ಅವರೇ ಆದ್ದರಿಂದ ಹೊರೆಯು ಸದಸ್ಯರ ಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 200ರಂತೆ ದಿನಕ್ಕೆ 4800 ಪ್ರತಿ ಮಾತ್ರ ಸಾಧ್ಯ. ಹಾಗಾಗಿ ಪಟ್ಟಿಯ ಗರಿಷ್ಠ ಗಾತ್ರ 219. ಅದೂ ಪತ್ರಗಳು ಇಪ್ಪತ್ನಾಲ್ಕು ಗಂಟೆಯೂ ಸಮನಾಗಿ ಬಂದರೆ! ಅಧ್ಯಾಪಕರು ಬರೆಯುವುದು ರಾತ್ರಿ ಊಟಕ್ಕೆ ಮುಂಚಿನ ಎರಡು ಗಂಟೆಯಲ್ಲಿ.

ಮಿತಿ ಇರುವುದು ತಪ್ಪಲ್ಲ. ವಠಾರದ ಒಬ್ಬ ಬಾಡಿಗೆದಾರ ಕಸದ ಪತ್ರಗಳನ್ನು ಲಕ್ಷಗಟ್ಟಲೆ ಸುರಿದರೆ ಎಲ್ಲರ ವಿಳಾಸವೂ ಕಪ್ಪುಪಟ್ಟಿಗೆ ಸೇರುತ್ತದೆ. ನನ್ನ ಆಕ್ಷೇಪ ಆ ಮಿತಿಯನ್ನು ಬಚ್ಚಿಡುವುದರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಮಿತಿ ಮೀರಿದಾಗ ಮೇಲ್‌ಮನ್ ಯಾರನ್ನು ದಂಡಿಸುತ್ತದೆ ಎಂಬುದರ ಬಗ್ಗೆ.

ಒಂದು ಪ್ರತಿ ತಲುಪದೆ ಮರಳಿ ಬಂದರೆ ಮೇಲ್‌ಮನ್ ಆ ಸದಸ್ಯರ ಲೆಕ್ಕದಲ್ಲಿ ಒಂದು ಅಂಕ ಬರೆದುಕೊಳ್ಳುತ್ತದೆ, ದಿನಕ್ಕೆ ಹೆಚ್ಚೆಂದರೆ ಒಂದು. ನಾವು ಬದಲಾಯಿಸದಿದ್ದರೆ ಐದು ಅಂಕಕ್ಕೆ ಅವರಿಗೆ ರವಾನೆ ನಿಲ್ಲುತ್ತದೆ. ಸತ್ತ ವಿಳಾಸಗಳನ್ನು ಗುಡಿಸಲು ಇದು ಒಳ್ಳೆಯ ಉಪಾಯವೇ. ಆದರೆ ನಮ್ಮದೇ ಸರ್ವರ್ ಗಂಟೆಯ ಮಿತಿ ಮೀರಿತೆಂದು ಪ್ರತಿಯನ್ನು ತಿರಸ್ಕರಿಸಿದಾಗಲೂ ಅಂಕ ಬಿದ್ದದ್ದು ಸದಸ್ಯರ ಹೆಸರಿಗೆ. ಒಂದು ಸಂಜೆ ಒಬ್ಬ ಅಧ್ಯಾಪಕಿ ಪೊಟೆನ್ಷಿಯೊಮೀಟರಿನಲ್ಲಿ ಸಮತೋಲನ ಬಿಂದು ಸಿಗುತ್ತಿಲ್ಲವೆಂದು ಕೇಳಿದರು. ಮರುದಿನ ಪ್ರಯೋಗ ಪರೀಕ್ಷೆ. ಹತ್ತೇ ನಿಮಿಷದಲ್ಲಿ ಇಬ್ಬರು ಉತ್ತರಿಸಿದರು. ಆಕೆಗೆ ಯಾವುದೂ ತಲುಪಲಿಲ್ಲ. ರವಾನೆ ನಿಂತ ಸದಸ್ಯರು ಪಟ್ಟಿಗೆ ಬರೆಯಬಲ್ಲರು, ಪಟ್ಟಿಯಿಂದ ಪಡೆಯಲಾರರು. ಎಚ್ಚರಿಕೆಯ ಪತ್ರ ಹೋಗಿತ್ತಂತೆ, ಇಂಗ್ಲಿಷಿನಲ್ಲಿ, ಸ್ಪ್ಯಾಮ್ ಪೆಟ್ಟಿಗೆಗೆ. ‘ಯಾರೂ ಉತ್ತರಿಸಲಿಲ್ಲ, ಸಾರ್’ ಎಂದು ಆಮೇಲೆ ಆಕೆ ಫೋನಿನಲ್ಲಿ ಹೇಳಿದಾಗಲೇ ನಾನು ಲೆಕ್ಕದ ಪುಟ ತೆರೆದು ನೋಡಿದ್ದು. ಹಾಗೆ ನಿಂತವರು 41 ಮಂದಿ!

ಇನ್ನೊಂದು ಕಾರಣ ಹೊರಗಿನದು. 2014ರ ಏಪ್ರಿಲ್‌ನಲ್ಲಿ ಯಾಹೂ ಸಂಸ್ಥೆ ‘ನಮ್ಮ ಹೆಸರು ಹೊತ್ತ ಪತ್ರ ನಮ್ಮದೆಂದು ದೃಢಪಡದಿದ್ದರೆ ತಿರಸ್ಕರಿಸಿ’ ಎಂದು ಡಿಮಾರ್ಕ್ ಪದ್ಧತಿಯಲ್ಲಿ ಘೋಷಿಸಿತು. ವಂಚಕರನ್ನು ತಡೆಯಲು ಇದು ಬೇಕಾಗಿತ್ತು. ಆದರೆ ಚರ್ಚಾಪಟ್ಟಿ ಮಾಡುವುದೇನು? ಯಾಹೂ ಸದಸ್ಯರ ಪತ್ರದ ಶೀರ್ಷಿಕೆಗೆ ಪಟ್ಟಿಯ ಹೆಸರನ್ನೂ ಕೊನೆಗೆ ಎರಡು ಸಾಲನ್ನೂ ಸೇರಿಸಿ ತನ್ನ ಸರ್ವರಿನಿಂದ ಕಳುಹಿಸುತ್ತದೆ. ಯಾಹೂ ಹಾಕಿದ್ದ ಗಣಕ-ಸಹಿ ಆಗ ಹೊಂದುವುದಿಲ್ಲ. ಜಿಮೇಲ್ ಅದನ್ನು ಹಿಂದಿರುಗಿಸುತ್ತದೆ. ಅಂಕ ಬೀಳುವುದು ಜಿಮೇಲ್ ಸದಸ್ಯರಿಗೆ! ಬರೆದವರು ಒಬ್ಬರು, ಹೊರಬಿದ್ದವರು ಇನ್ನೊಬ್ಬರು. ಕಳುಹಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸವನ್ನೇ ಇಡುವ ಸೌಲಭ್ಯವನ್ನು ಮೇಲ್‌ಮನ್ ತಂದಿತು. ನಿಮ್ಮ ಪಟ್ಟಿಯಲ್ಲಿ ಅದನ್ನು ತಪ್ಪದೆ ಚಾಲೂ ಮಾಡಿ. 2024ರ ಫೆಬ್ರವರಿಯಿಂದ ಜಿಮೇಲ್, ದಿನಕ್ಕೆ 5000ಕ್ಕೂ ಹೆಚ್ಚು ಪ್ರತಿ ಕಳುಹಿಸುವವರಿಗೆ ಇನ್ನೂ ಬಿಗಿಯಾದ ನಿಯಮ ವಿಧಿಸಿದೆ. 300 ಜಿಮೇಲ್ ಸದಸ್ಯರಿಗೆ ಹದಿನೇಳು ಪತ್ರ ಹೋದರೆ ನೀವೂ ಆ ಸಗಟು ವ್ಯಾಪಾರಿಗಳ ಸಾಲಿಗೆ ಸೇರಿದಿರಿ.

ವರ್ಗದ ನಿಯಮದಿಂದ ಪಾರಾಗುವ ದಾರಿ ಇದೆ. ದಿನದ ಪತ್ರಗಳನ್ನೆಲ್ಲ ಒಂದೇ ಕಟ್ಟಾಗಿ ಕಳುಹಿಸುವ ಡೈಜೆಸ್ಟ್ ವಿಧಾನವನ್ನು ಬಳಸಿದರೆ, ಪತ್ರ ಹತ್ತಿರಲಿ ಮೂವತ್ತಿರಲಿ, ಹೊರಹೋಗುವುದು ಸದಸ್ಯರಿಗೊಂದೇ ಪ್ರತಿ: 9000ದ ಬದಲು 300. ಲೆಕ್ಕ ಚೆನ್ನಾಗಿದೆ. ಕನ್ನಡಿಗರಿಗೆ ಕಾದಿರುವ ಪೆಟ್ಟು ಇಲ್ಲಿದೆ. ಮೇಲ್‌ಮನ್ 2.1ರಲ್ಲಿ ಇಂಗ್ಲಿಷ್ ಪಟ್ಟಿಯ ಅಕ್ಷರಸಮೂಹ ಆಸ್ಕಿ, ಒಟ್ಟು 128 ಸಂಕೇತ. ‘ಪ್ಲೇನ್’ ಡೈಜೆಸ್ಟಿನಲ್ಲಿ ಅದಕ್ಕೆ ಹೊಂದದ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಕನ್ನಡದ ಪತ್ರ ಬರಿಯ ಪ್ರಶ್ನೆಗಳ ಸಾಲಾಗುತ್ತದೆ! ಸರ್ವರಿನ ಮೂಲ ಸಂಯೋಜನೆಯಲ್ಲಿ ಒಂದು ಸಾಲು ಸೇರಿಸಿದರೆ ಸರಿಯಾದೀತು. ಆ ಕಡತಕ್ಕೆ ವಠಾರದ ಬಾಡಿಗೆದಾರ ಕೈ ಹಚ್ಚುವಂತಿಲ್ಲ. ನಾನು ಬರೆದು ಕೇಳಿದೆ. ಎಲ್ಲ ಗ್ರಾಹಕರಿಗೂ ಅನ್ವಯವಾಗುತ್ತದೆಂದು ಒಪ್ಪಲಿಲ್ಲ. ‘ಮೈಮ್’ ಡೈಜೆಸ್ಟ್ ಆರಿಸಿಕೊಂಡರೆ ಪ್ರತಿ ಪತ್ರವೂ ತನ್ನ ಮೂಲ ರೂಪದಲ್ಲೇ ಉಳಿಯುತ್ತದೆ. ಓದುವಾಗ ಲಗತ್ತಿನಂತೆ ಒಂದೊಂದಾಗಿ ತೆರೆಯಬೇಕಾದೀತು, ಆದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

2015ರಲ್ಲಿ ಬಂದ ಮೇಲ್‌ಮನ್ 3 ಹೊಸದಾಗಿ ಬರೆದದ್ದು. ಅದಕ್ಕೆ ಸದಾ ಓಡುತ್ತಿರುವ ಹಿನ್ನೆಲೆ ಕಾರ್ಯಕ್ರಮಗಳು ಬೇಕು. ವಠಾರದಲ್ಲಿ ಅದಕ್ಕೆ ಸಾಮಾನ್ಯವಾಗಿ ಎಡೆಯಿಲ್ಲ. ಹಳೆಯ 2.1 ಆಧರಿಸಿರುವ ಪೈಥಾನ್ 2ಕ್ಕೆ ಬೆಂಬಲ 2020ರ ಆರಂಭದಲ್ಲೇ ಮುಗಿದಿದೆ. ಉಚಿತ ಗುಂಪುಸೇವೆಗಳಿಗೆ ಹೋಗೋಣವೆಂದರೆ, 2020ರ ಡಿಸೆಂಬರ್‌ನಲ್ಲಿ ಯಾಹೂ ಗ್ರೂಪ್ಸ್ ಮುಚ್ಚಿದ್ದು ನಿಮಗೆ ನೆನಪಿರಬಹುದು.

ಲಗತ್ತುಗಳ ಬಗ್ಗೆ ಒಂದು ಮಾತು. 2 ಮೆಗಾಬೈಟಿನ ಪ್ರಶ್ನೆಪತ್ರಿಕೆ 300 ಮಂದಿಗೆ ಹೋದರೆ 600 ಮೆಗಾಬೈಟ್. ಭೌತವಿಜ್ಞಾನಿಗಳಿಗೆ ಇದು ಹೊಸ ಕಥೆಯಲ್ಲ. 1991ರಲ್ಲಿ ಸಹೋದ್ಯೋಗಿಯೊಬ್ಬರು, ಪ್ರವಾಸದಲ್ಲಿದ್ದಾಗ ಇ-ಮೇಲಿನಲ್ಲಿ ಬರುವ ಪ್ರಬಂಧಗಳಿಂದ ತಮ್ಮ ಡಿಸ್ಕಿನ ಪಾಲು ತುಂಬಿಹೋದೀತೆಂದು ಆಡಿದ ಮಾತು ಪಾಲ್ ಗಿನ್ಸ್‌ಪಾರ್ಗ್ ಅವರ ಕಿವಿಗೆ ಬಿತ್ತು. ಸಾರಾಂಶ ಎಲ್ಲರಿಗೆ, ಪೂರ್ಣ ಪ್ರಬಂಧ ಕೇಳಿದವರಿಗೆ ಮಾತ್ರ ಎಂಬ ಕ್ರಮದಲ್ಲಿ ಅದೇ ಆಗಸ್ಟ್‌ನಲ್ಲಿ ಲಾಸ್ ಅಲಾಮೋಸ್‌ನಿಂದ ಅವರು ಆರಂಭಿಸಿದ್ದೇ ಇಂದಿನ ಆರ್ಕೈವ್ ಭಂಡಾರ.

ನಮ್ಮ ಪಟ್ಟಿಯಲ್ಲೂ ಈಗ ಕಡತಗಳು ಜಾಲತಾಣದಲ್ಲಿರುತ್ತವೆ, ಪತ್ರದಲ್ಲಿ ಕೊಂಡಿ ಮಾತ್ರ. ಅಂಕದ ಮಿತಿಯನ್ನು ಐದರಿಂದ ಹದಿನೈದಕ್ಕೆ ಏರಿಸಿದ್ದೇನೆ. ಪ್ರತಿ ಸೋಮವಾರ ರವಾನೆ ನಿಂತವರ ಹೆಸರುಗಳನ್ನು ನೋಡಿ, ನಾನೇ ಫೋನ್ ಮಾಡುತ್ತೇನೆ.